ಒಗರು, ಚೊಗರು, ತೊಗರು

ಮಲೆನಾಡಿನ ಶೆಟ್ಟಿಕೊಪ್ಪದ ಕಡೆ ‘ಬೋರ್ಡೋ’ ಎಂದರೆ ಕುಡಿಯುವುದಲ್ಲ, ಅಡಿಕೆಯ ಕೊಳೆರೋಗಕ್ಕೆ ಹೊಡೆಯುವುದು. ಮಳೆ ಹಿಡಿಯುವ ಮುಂಚೆ ಮೊದಲ ಸುತ್ತು ಮುಗಿಯಿತೇ, ಆಷಾಢದಲ್ಲಿ ಒಂದೆರಡು ದಿನ ಹೊಳವಾದರೆ ಎರಡನೆಯ ಸುತ್ತಿಗೆ ಮರ ಹತ್ತುವ ಕೊನೆಗಾರ ಸಿಕ್ಕಾನೇ, ಮೈಲುತುತ್ತಕ್ಕೆ ಈ ಸಲ ಏನು ದರ, ಅಂಟಿಗೆಂದು ಹಾಕಿದ ರಾಳ ಸಾಕಾಯಿತೇ ಎಂದು ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಮೂರೂ ತಾಲ್ಲೂಕಿನ ಅಡಿಕೆ ತೋಟದವರ ಮಳೆಗಾಲದ ಮಾತುಕತೆಯೆಲ್ಲ ಈ ಒಂದು ಹೆಸರನ್ನೇ ಸುತ್ತುತ್ತಿರುತ್ತದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ. ಎರಡನ್ನೂ ಬೇರೆ ಬೇರೆ ಕದಡಿ, ತುತ್ತದ ನೀರನ್ನು ಸುಣ್ಣದ ನೀರಿಗೆ ಹೊಯ್ಯಬೇಕೇ ಹೊರತು ಸುಣ್ಣವನ್ನು ತುತ್ತಕ್ಕಲ್ಲ. ಆಮೇಲೆ ಆ ತಿಳಿನೀಲಿ ದ್ರಾವಣದಲ್ಲಿ ಮಸೆದ ಕತ್ತಿಯ ಅಲಗನ್ನು ಸ್ವಲ್ಪ ಹೊತ್ತು ಅದ್ದಿ ತೆಗೆದು, ಅಲಗಿನ ಮೇಲೆ ತಾಮ್ರದ ಕೆಂಪು ಕೂತಿದ್ದರೆ ಇನ್ನಷ್ಟು ಸುಣ್ಣ, ಕೂರದಿದ್ದರೆ ಹದ ಸರಿ. ಈ ಕತ್ತಿಯನ್ನೂ ಈ ಕೆಂಪನ್ನೂ ನೆನಪಿನಲ್ಲಿಟ್ಟುಕೊಳ್ಳೋಣ, ಮುಂದೆ ಬೇಕಾಗುತ್ತದೆ.

ಹೆಸರು ಬಂದದ್ದು ಫ್ರಾನ್ಸಿನ ಗರೋನ್ ನದಿಯ ದಡದ ಬೋರ್ಡೋ ಪಟ್ಟಣದಿಂದ; ರೋಮನರ ಬಾಯಲ್ಲಿ ಅದು ಬುರ್ಡಿಗಾಲ. ಅಲ್ಲಿಯ ವಿಶ್ವವಿದ್ಯಾಲಯದ ಸಸ್ಯಶಾಸ್ತ್ರಜ್ಞ ಮಿಲಾರ್ಡೆ 1882ರಲ್ಲಿ ಸ್ಯಾಂ ಜೂಲಿಯೆನ್ ಎಂಬಲ್ಲಿ ಒಂದು ವಿಚಿತ್ರವನ್ನು ಕಂಡರು: ಬೂಜುತುಪ್ಪಟ ರೋಗಕ್ಕೆ ತೋಟವೆಲ್ಲ ಎಲೆ ಉದುರಿಸಿ ನಿಂತಿದ್ದರೂ ದಾರಿಬದಿಯ ದ್ರಾಕ್ಷಿಬಳ್ಳಿಗಳು ಮಾತ್ರ ಹಸಿರಾಗಿದ್ದವು. ವಿಚಾರಿಸಿದರೆ, ದಾರಿಹೋಕರು ಹಣ್ಣು ಕೀಳದಿರಲೆಂದು ಆ ಸಾಲಿಗೆ ಮಾತ್ರ ಮೈಲುತುತ್ತ ಸುಣ್ಣ ಬೆರೆಸಿ ಎರಚಿದ್ದರಂತೆ. ಆ ಹೊಳಹಿನ ಬೆನ್ನು ಹತ್ತಿ 1885ರಲ್ಲಿ ಅವರು ಪ್ರಕಟಿಸಿದ ಮಿಶ್ರಣವೇ ಮೈಸೂರು ಸಂಸ್ಥಾನದ ಅಡಿಕೆ ಮರ ಏರಿದ್ದು. ಏರಿಸಿದವರು 1908ರಲ್ಲಿ ಸಂಸ್ಥಾನದ ಸೇವೆ ಸೇರಿದ ಕೆನಡಾದ ಲೆಸ್ಲಿ ಕೋಲ್ಮನ್. ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ 1910ರಲ್ಲಿ ಬರೆದವರು ಅವರೇ, ಮುಂದೆ 1925ರಲ್ಲಿ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರಕ್ಕೆ ಕಾರಣರಾದವರೂ ಅವರೇ. ಪದಪ್ರಿಯರಾದ ನಾವು ಇಲ್ಲಿ ಒಂದು ಲೆಕ್ಕ ಚುಕ್ತಾ ಮಾಡಬೇಕು. ಬೋರ್ಡೋ ಎಂಬ ಮಾತು ಮಲೆನಾಡಿಗೆ ಬರುವುದಕ್ಕೂ ಮೊದಲೇ ನಮ್ಮ ‘ಕೊಳೆರೋಗ’ ಯುರೋಪಿಗೆ ಹೋಗಿತ್ತು: ಕಾಫಿ ಗಿಡದ ಕೊಳೆಗೆ ಕಾರಣವಾದ ಶಿಲೀಂಧ್ರಕ್ಕೆ 1876ರಲ್ಲಿ ಕುಕ್ ಎಂಬ ಇಂಗ್ಲಿಷ್ ವಿಜ್ಞಾನಿ ‘ಪೆಲಿಕ್ಯುಲೇರಿಯ ಕೊಲೆರೋಗ’ ಎಂದೇ ಹೆಸರಿಟ್ಟರು. ಲ್ಯಾಟಿನ್ ವೇಷದಲ್ಲಿ ನಮ್ಮ ತೋಟದ ಮಾತು ಆಗಲೇ ಗ್ರಂಥಸ್ಥವಾಗಿತ್ತು.

ಅದೇ ಬೋರ್ಡೋದ ಇನ್ನೊಂದು ದ್ರವ, ಎಂದರೆ ಅಲ್ಲಿಯ ಕೆಂಪು ವೈನು, ಶೆಟ್ಟಿಕೊಪ್ಪದ ನೆಂಟರ ಮನೆಯ ಜಗಲಿಯಲ್ಲಿ ಬಳಗದ ಲೋಟಗಳಿಗೆ ಇಳಿದಾಗ, ಮೊದಲ ಗುಟುಕಿಗೆ ಹೊರಟ ಉದ್ಗಾರ, ‘ಇದೆಂತ ಮಾರಾಯ್ರೆ, ಬಾಯೆಲ್ಲ ಒಗರೊಗರು!’ ಸಿಹಿ ಎನ್ನಲಿಲ್ಲ, ಹುಳಿ ಎನ್ನಲಿಲ್ಲ, ಕಹಿ ಎಂದೂ ಅಲ್ಲ. ದ್ರಾಕ್ಷಿಯ ಸಿಪ್ಪೆ, ಬೀಜ, ತೊಟ್ಟುಗಳಿಂದ ಇಳಿದ ಟ್ಯಾನಿನ್ ಎಂಬ ಸತ್ತ್ವ ಕೆಂಪು ವೈನಿನ ಬೆನ್ನೆಲುಬು ಎಂದು ಬಲ್ಲವರು ಹೇಳುವ ವಿಷಯವನ್ನು ಅಡಿಕೆ ಸೀಮೆಯ ನಾಲಗೆ ಯಾರ ಪಾಠವೂ ಇಲ್ಲದೆ ಒಂದೇ ಮಾತಿನಲ್ಲಿ ಹಿಡಿಯಿತು. ಆ ಮಾತಿನ ಬೆನ್ನು ಹತ್ತುವುದೇ ಈ ಬರಹದ ಉದ್ದೇಶ.

ಒಗರು ಎಂಬ ರೂಪವೇ ಸವೆದ ರೂಪ. ಅದರ ಜೊತೆಗೆ ಚೊಗರು ಉಂಟು, ತೊಗರು ಉಂಟು, ತೆಲುಗಿನಲ್ಲಿ ವಗರು (ಯುಗಾದಿಯ ಷಡ್ರಸದ ಪಚ್ಚಡಿಯಲ್ಲಿ ಅದೂ ಒಂದು ಪಾಲುದಾರ), ತಮಿಳಿನಲ್ಲಿ ತುವರ್, ತುವರ್ಪ್ಪು, ಮಲಯಾಳದಲ್ಲಿ ಚವರ್ಪ್ಪ್. ಇವನ್ನೆಲ್ಲ ಸಾಲಾಗಿ ನಿಲ್ಲಿಸಿದರೆ ಮೊದಲಕ್ಷರ ಸವೆಯುತ್ತ ಬಂದ ಬಗೆ ಕಣ್ಣಿಗೆ ಕಾಣುತ್ತದೆ. ತಕಾರ ಗಟ್ಟಿಯಾಗಿ ಕೂತಿರುವ ತುವರ್, ತೊಗರು. ಅದು ಚಕಾರಕ್ಕೆ ಜಾರಿದ ಚವರ್ಪ್ಪ್, ಚೊಗರು. ಚಕಾರವೂ ಕಳಚಿ ಬರಿಯ ಸ್ವರ ಉಳಿದ ಒಗರು. ಪದದ ಆದಿಯ ಚಕಾರ ಸಕಾರಗಳು ದಕ್ಷಿಣದ ಭಾಷೆಗಳಲ್ಲಿ ಹೀಗೆ ಮಾಯವಾಗುವುದು ಹೊಸತೇನಲ್ಲ. ಕನ್ನಡ ‘ಸಾವಿರ’ ಎಂದು ಸಕಾರವನ್ನು ಕಾಪಾಡಿಕೊಂಡಲ್ಲಿ ತಮಿಳು ‘ಆಯಿರಂ’ ಎಂದು ಅದನ್ನು ಬಿಟ್ಟುಕೊಟ್ಟಿದೆ. ನಡುವಿನ ವಕಾರ ಕನ್ನಡದಲ್ಲಿ ಗಕಾರವಾಗುವುದನ್ನು ತಮಿಳಿನ ತುವರೈ ನಮ್ಮ ತೊಗರಿಯಾಗಿರುವುದರಲ್ಲಿ ನೋಡಬಹುದು. ಹೀಗೆ ಸವೆದ ಮೇಲೂ ಹಳೆಯ ರೂಪಗಳು ಸಾಯಲಿಲ್ಲ, ಒಂದೊಂದೂ ಬೇರೆ ಬೇರೆ ಕೆಲಸ ಹಿಡಿದುಕೊಂಡವು ಎಂಬುದೇ ಕನ್ನಡದ ಸೊಗಸು. ರುಚಿಗೆ ಒಗರು, ಆ ರುಚಿಯ ರಸಕ್ಕೆ ಚೊಗರು, ಬಣ್ಣಕ್ಕೆ ತೊಗರು.

ಧ್ವನಿಸಾಮ್ಯಕ್ಕೆ ಮರುಳಾಗಿ ಇಲ್ಲಿ ಕೆಲವು ಪದಗಳನ್ನು ಒಳಗೆ ಬಿಟ್ಟುಕೊಳ್ಳಬಾರದು. ಪುಳಿಯೋಗರೆಯಲ್ಲಿ ಕೂತಿರುವ ‘ಓಗರ’ ದೀರ್ಘಸ್ವರದ್ದು, ಅನ್ನ ಎಂಬ ಅರ್ಥದ್ದು, ಅದರ ವಂಶವೇ ಬೇರೆ. ತೊಗಲು, ತೊಗಟೆ ಎಂಬವು ತೋಲ್ ಎಂಬ ಇನ್ನೊಂದು ಮೂಲದ ಬಳಗ. ಆದರೂ ತೊಗಟೆಯ ತೊಗರಿನಿಂದ ತೊಗಲು ಹದ ಮಾಡುತ್ತಾರೆ ಎಂಬ ವಾಕ್ಯ ಕನ್ನಡದಲ್ಲಿ ಸಾಧ್ಯವಾಗುತ್ತದೆಂಬುದು ಕಿವಿಗೆ ಹಬ್ಬ. ಹಳೆ ಮೈಸೂರಿನಲ್ಲಿ ತಂಗಡಿಯ ತೊಗಟೆ ಈ ಕೆಲಸಕ್ಕೆ ಹೆಸರಾಗಿತ್ತು. ಯುರೋಪಿನಲ್ಲಿ ಅದೇ ಕೆಲಸವನ್ನು ಓಕ್ ಮರದ ತೊಗಟೆ ಮಾಡುತ್ತಿತ್ತು, ಆ ತೊಗಟೆಯ ಹೆಸರಾದ ‘ತಾನ್’ ಎಂಬುದರಿಂದಲೇ ಟ್ಯಾನಿನ್ ಹುಟ್ಟಿದ್ದು. ತೊಗಲಿನ ಪ್ರೋಟೀನಿಗೆ ಅಂಟಿಕೊಂಡು ಅದನ್ನು ಬಿಗಿಗೊಳಿಸುವ ಆ ಸತ್ತ್ವ ಬಾಯಿಗೆ ಬಿದ್ದಾಗಲೂ ಅದೇ ಕೆಲಸ ಮಾಡುತ್ತದೆ: ಜೊಲ್ಲಿನ ಪ್ರೋಟೀನನ್ನು ಹಿಡಿದುಕೊಳ್ಳುತ್ತದೆ, ಜಾರುತನ ಹೋಗುತ್ತದೆ, ನಾಲಗೆ ಅಂಗುಳಕ್ಕೆ ತಾಗಿ ಒರಟೊರಟಾಗುತ್ತದೆ. ಆದ್ದರಿಂದ ಒಗರು ಸಿಹಿ ಕಹಿಗಳಂಥ ರುಚಿಯಲ್ಲ, ಹೆಚ್ಚಿನ ಪಾಲು ಸ್ಪರ್ಶ. ಕನ್ನಡದ ನುಡಿಗಟ್ಟು ಇದನ್ನು ತನ್ನಷ್ಟಕ್ಕೆ ಗುರುತಿಸಿಕೊಂಡಿದೆ. ‘ಬಾಯಿ ಸಿಹಿಯಾಯಿತು’ ಎನ್ನುವ ನಾವೇ ‘ಬಾಯಿಗೆ ಒಗರು ಹಿಡಿಯಿತು’ ಎನ್ನುತ್ತೇವೆ. ತುಕ್ಕು ಹಿಡಿಯುತ್ತದೆ, ಪಾಚಿ ಹಿಡಿಯುತ್ತದೆ, ಒಗರೂ ಹಿಡಿಯುತ್ತದೆ.

ಇನ್ನು ಬಣ್ಣ. ಹಳಗನ್ನಡದಲ್ಲಿ ತೊಗರ್ ಎಂದರೆ ಕೆಂಪು; ತಮಿಳಿನ ತುವರ್ ಕೂಡ ಕೆಂಪು, ಹವಳದ ಕೆಂಪು; ತೆಲುಗಿನಲ್ಲಿ ತೊಗರು ಎಂದರೂ ಅದೇ. ಒಗರಿನ ತುವರ್ ಒಂದು, ಕೆಂಪಿನ ತುವರ್ ಇನ್ನೊಂದು, ಎರಡೂ ಕಾಕತಾಳೀಯವಾಗಿ ಒಂದೇ ರೂಪ ತಾಳಿವೆ ಎಂದು ವಾದಿಸಬಹುದು, ಬೇರು ಹುಡುಕುವವರಿಗೆ ಆ ಎಚ್ಚರ ಸಹಜ. ನನ್ನ ಒಲವು ಮಾತ್ರ ಎರಡೂ ಒಂದೇ ಎಂಬ ಕಡೆಗೆ, ಏಕೆಂದರೆ ಈ ನೆಲದಲ್ಲಿ ಒಗರೂ ಕೆಂಪೂ ಬೇರೆಯಾಗಿ ಬದುಕಿದ್ದೇ ಕಡಿಮೆ. ಎಲೆಯಡಿಕೆ ಹಾಕುವವರ ಬಾಯಿಯೇ ಇದಕ್ಕೆ ಸಾಕ್ಷಿ. ಅಡಿಕೆ ಒಗರು, ಕಗ್ಗಲಿಯ ಚೇಗನ್ನು ಕುದಿಸಿ ತೆಗೆದ ಕಾಚು ಇನ್ನೂ ಒಗರು; ಎಲೆ ಹಸಿರು, ಸುಣ್ಣ ಬಿಳುಪು, ಅಡಿಕೆ ಕಂದು; ಅಗಿಯುತ್ತ ಅಗಿಯುತ್ತ ಅಡಿಕೆಯ ಒಗರು ಸುಣ್ಣದ ಕ್ಷಾರಕ್ಕೆ ಸಿಕ್ಕಿ ನಾಲಗೆಯ ಮೇಲೆಯೇ ಕೆಂಪಾಗುತ್ತದೆ. ರುಚಿಯಾಗಿ ಒಳಗೆ ಹೋದದ್ದು ಬಣ್ಣವಾಗಿ ತುಟಿಗೆ ಬರುವುದನ್ನು ದಿನಕ್ಕೆ ಹತ್ತು ಸಲ ಕಂಡ ಜನ ಎರಡಕ್ಕೂ ಒಂದೇ ಹೆಸರಿಟ್ಟರೆ ಅದರಲ್ಲಿ ಆಶ್ಚರ್ಯವೇನಿದೆ? ತೊಗರಿಬೇಳೆಯ ತೊಗರಿಗೂ ಅದರ ಕೆಂಪು ಕಾಳಿನಿಂದಲೇ ಹೆಸರು ಬಂದಿರಬೇಕು, ಕಾಳಿನ ಸಿಪ್ಪೆ ಅಗಿದು ನೋಡಿದವರಿಗೆ ಅಲ್ಲಿಯೂ ಒಂದು ಒಗರು ಉಂಟೆಂದು ಗೊತ್ತು. ಆ ತೊಗರಿಯೇ ಸಂಸ್ಕೃತಕ್ಕೆ ‘ತುವರೀ’ ಆಗಿ ಹೋಗಿ, ಉತ್ತರದಲ್ಲಿ ತುವರ್, ತೂರ್ ಎಂದು ಅಂಗಡಿಯ ಚೀಟಿಗಳಲ್ಲಿ ನೆಲೆಸಿತು. ಬರಿಯ ಕಾಳು ಹೋದದ್ದಲ್ಲ, ರುಚಿಯೂ ಹೋಯಿತು: ಅಮರಸಿಂಹನ ಕೋಶದಲ್ಲಿ ಷಡ್ರಸಗಳನ್ನು ಎಣಿಸುವಲ್ಲಿ ‘ತುವರ’ ಎಂಬುದನ್ನು ‘ಕಷಾಯ’ಕ್ಕೆ ಪರ್ಯಾಯವಾಗಿ ಹೇಳಿದೆ. ತುವರ ಸಂಸ್ಕೃತಕ್ಕೆ ದ್ರಾವಿಡದ ಕೊಡುಗೆ ಎಂದು ಒಪ್ಪುವುದಕ್ಕೆ ನಮ್ಮ ಚೊಗರು ತೊಗರುಗಳ ತುಂಬುಬಳಗವೇ ಸಾಕ್ಷಿ ಹೇಳುತ್ತದೆ.

ಚೊಗರಿಗೆ ಬರೋಣ. ಪೇಟೆಯವರಿಗೆ ಈ ಮಾತು ಅಪರಿಚಿತವಾದರೂ ಶೆಟ್ಟಿಕೊಪ್ಪದಲ್ಲಿ ಅದು ಮನೆಯ ಮಾತು, ಸುಗ್ಗಿಯ ಮಾತು. (ಊರ ಹೆಸರನ್ನೂ ಒಂದು ಗಳಿಗೆ ನೋಡಬಹುದು: ‘ಶ್ರೇಷ್ಠಿ’ ಸವೆದು ಶೆಟ್ಟಿ, ಅದಕ್ಕೆ ಸೇರಿದ ‘ಕೊಪ್ಪ’ ಎಂದರೆ ಹಳ್ಳಿಗಿಂತ ಸಣ್ಣ ನೆಲೆ, ಮಾರಾಟದವನ ಹೆಸರೂ ಬೆಳೆಗಾರನ ಬಿಡಾರವೂ ಒಂದೇ ಪದದಲ್ಲಿವೆ.) ಹಸಿರು ಮಾಸುವ ಮುಂಚೆಯೇ ಕೊನೆ ಇಳಿಸಿ, ಮೆಟ್ಟುಗತ್ತಿಯ ಮುಂದೆ ಕೂತು ಸುಲಿದು, ತಾಮ್ರದ ಹಂಡೆಯಲ್ಲಿ ಬೇಯಿಸುವಾಗ ಬರಿಯ ನೀರು ಹಾಕುವುದಿಲ್ಲ, ಹಿಂದಿನ ಬೇಯಿಕೆಯಲ್ಲಿ ಉಳಿದ ಕೆಂಪು ರಸವನ್ನು ಸೇರಿಸುತ್ತಾರೆ. ಒಂದರ ಮೇಲೊಂದು ಹಂಡೆ ಬೆಂದಂತೆ ಆ ರಸ ಗಟ್ಟಿಯಾಗುತ್ತ, ಕಪ್ಪುಗೆಂಪಾಗುತ್ತ, ಅಂಟಂಟಾಗುತ್ತ ಹೋಗುತ್ತದೆ, ಅದೇ ಚೊಗರು. ಅದು ಹತ್ತಿದ ಅಡಿಕೆ ಅಟ್ಟದ ಮೇಲೆ ಒಣಗಿದಾಗ ಕೆಂಪು ಬಣ್ಣವೂ ಹೊಳಪೂ ಬರುತ್ತವೆ, ಮಂಡಿಯಲ್ಲಿ ಹಸ, ಬೆಟ್ಟೆ, ಇಡಿ, ಗೊರಬಲು ಎಂದು ದರ್ಜೆ ಮಾಡಿ ತೂಗುವಾಗ ಆ ಬಣ್ಣಕ್ಕೇ ಬೆಲೆ. ‘ಚೊಗರು ಸಾಲದು’, ‘ಚೊಗರು ಹೆಚ್ಚಾಯಿತು’, ‘ಆ ಮನೆಯವರ ಚೊಗರು ಒಳ್ಳೆಯದು, ಒಂದು ಕೊಡ ಕೊಡುತ್ತಾರೇನೋ ಕೇಳು’ ಎಂಬ ಮಾತುಗಳಲ್ಲಿ ಚೊಗರು ಒಂದು ಗುಣವಲ್ಲ, ಅಳೆದು ಕೊಟ್ಟು ತೆಗೆದುಕೊಳ್ಳುವ ವಸ್ತು. ಬೋರ್ಡೋ ದ್ರಾವಣದಲ್ಲಿ ಅದ್ದಿದ ಕತ್ತಿಯ ಮೇಲೆ ಕೆಂಪು ಕೂರುತ್ತದೆಂದೆನಲ್ಲ, ಅದೇ ಕತ್ತಿ ಚೊಗರಿಗೆ ತಾಗಿದರೆ ಕಪ್ಪಾಗುತ್ತದೆ. ಸುಲಿಯುವವರ ಬೆರಳು, ಉಗುರಿನ ಸಂದುಗಳೂ ಸುಗ್ಗಿ ಮುಗಿದು ಎಷ್ಟೋ ದಿನದವರೆಗೆ ಕಪ್ಪು. ಒಗರಿಗೆ ಕಬ್ಬಿಣ ಸೇರಿದರೆ ಮಸಿ. ನಮ್ಮ ಹಿರಿಯರು ಅಳಲೆಕಾಯಿಯ ಒಗರಿಗೆ ಕಬ್ಬಿಣವನ್ನು ಸೇರಿಸಿ ಬರೆಯುವ ಮಸಿಯನ್ನೇ ಮಾಡಿಕೊಂಡಿದ್ದರು. ಒಂದು ರುಚಿ ಸುಣ್ಣದ ಸಂಗದಲ್ಲಿ ತಾಂಬೂಲದ ಕೆಂಪಾಗಿ, ಕಬ್ಬಿಣದ ಸಂಗದಲ್ಲಿ ಅಕ್ಷರವಾಯಿತು.

ಸಂಸ್ಕೃತದ ‘ಕಷಾಯ’ ನಡೆದ ದಾರಿ ಇದಕ್ಕೆ ಸಮಾನಾಂತರವಾದದ್ದು, ಅಲ್ಲಲ್ಲಿ ಸೇರುವಂಥದು. ಕಷ್ ಎಂದರೆ ಉಜ್ಜು, ತಿಕ್ಕು. ಚಿನ್ನವನ್ನು ತಿಕ್ಕಿ ನೋಡುವ ಒರೆಗಲ್ಲು ‘ನಿಕಷ’ವಾದಂತೆ ನಾಲಗೆಯನ್ನು ತಿಕ್ಕಿದಂತಾಗಿಸುವ ರಸ ಕಷಾಯ ಎಂಬುದು ಪರಂಪರೆಯ ನಿರುಕ್ತ. ಚರಕಸಂಹಿತೆ ಅದರ ಲಕ್ಷಣ ಹೇಳುವಾಗ ನಾಲಗೆಯ ಬಿಗಿತವನ್ನೂ ಜಾಡ್ಯವನ್ನೂ ಕಂಠ ಕಟ್ಟಿದಂತಾಗುವುದನ್ನೂ ಹೇಳುತ್ತದೆ. ಎಳೆಯ ವೈನಿನ ಗುಟುಕು ಇಳಿಸಿದವರು ಇದಕ್ಕಿಂತ ಚೆನ್ನಾಗಿ ವರ್ಣಿಸಲಾರರು. ಮದ್ದಿಗೆ ಬೇಕಾದ ತೊಗಟೆ, ಬೇರು, ಕಾಯಿಗಳಲ್ಲಿ ಒಗರೇ ಹೆಚ್ಚಾದ್ದರಿಂದ ಕುದಿಸಿ ಇಳಿಸಿದ ರಸಕ್ಕೆಲ್ಲ ಕಷಾಯವೆಂಬ ಹೆಸರೇ ನಿಂತು, ಆಮೇಲೆ ಒಗರಿಲ್ಲದ ರಸವೂ ಕಷಾಯವೇ ಆಯಿತು. ಚರಕನಲ್ಲಿ ಮಧುರಕಷಾಯ, ಆಮ್ಲಕಷಾಯ, ಕಟುಕಷಾಯ, ತಿಕ್ತಕಷಾಯಗಳ ಸಾಲಿನಲ್ಲಿ ಕೊನೆಗೆ ‘ಕಷಾಯಕಷಾಯ’ ಎಂದೇ ಹೇಳಬೇಕಾಗಿ ಬಂದಿದೆ. ರುಚಿಯ ಹೆಸರು ಪಾನೀಯದ ಹೆಸರಾಗಿ ಎಷ್ಟು ದೂರ ಹೋಗಿತ್ತೆಂದರೆ ಹಳೆಯ ಅರ್ಥವನ್ನು ಮರಳಿ ಪಡೆಯಲು ಪದವನ್ನು ಎರಡು ಸಲ ಹೇಳಬೇಕಾಯಿತು. ಮಲೆನಾಡಿನ ಮನೆಗಳಲ್ಲಿ ಕೊತ್ತಂಬರಿ, ಜೀರಿಗೆ ಹುರಿದು ಪುಡಿಮಾಡಿ ಹಾಲು ಬೆಲ್ಲ ಹಾಕಿ ಕೊಡುವ ಕಷಾಯ ಈ ಅರ್ಥಪಲ್ಲಟದ ತುತ್ತತುದಿ. ಅಲ್ಲಿ ಒಗರಿನ ಸುಳಿವೂ ಇಲ್ಲ.

ಇತ್ತ ಬಣ್ಣದ ದಾರಿಯಲ್ಲಿ ಕಷಾಯ ಮಾಸಲುಗೆಂಪಾಯಿತು. ತೊಗಟೆಯ ಒಗರಿನಲ್ಲಿ ಅದ್ದಿದ ಬಟ್ಟೆ ಕಾಷಾಯ. ಬೌದ್ಧ ಭಿಕ್ಷುಗಳು ಉಟ್ಟು ಜಪಾನಿನವರೆಗೆ ಒಯ್ದ ಈ ವಸ್ತ್ರ ಅಲ್ಲಿ ‘ಕೆಸಾ’ ಎನಿಸಿದೆ, ನಮ್ಮ ಶೃಂಗೇರಿಯ ಗುರುಪರಂಪರೆಯ ಮೈಮೇಲೆ ಅದು ಕಾಷಾಯವೂ ಹೌದು, ಅಚ್ಚಗನ್ನಡದ ಕಾವಿಯೂ ಹೌದು. ಒಂದು ಕಡೆ ತುವರ್ ರುಚಿಯೂ ಕೆಂಪೂ ಆಗಿದ್ದರೆ, ಇನ್ನೊಂದು ಭಾಷಾವಂಶದ ಕಷಾಯವೂ ರುಚಿಯೂ ಕೆಂಪೂ ಆಗಿದೆ! ಒಗರು, ಕೆಂಪು ಎರಡಕ್ಕೂ ಒಂದೇ ಬೇರು ಎಂಬ ನನ್ನ ಒಲವಿಗೆ ಇದಕ್ಕಿಂತ ದೊಡ್ಡ ಒತ್ತಾಸೆ ಬೇಡ. ಮೂರನೆಯ ಕವಲು ಜೈನರದು. ನರಸಿಂಹರಾಜಪುರದ ಸಿಂಹನಗದ್ದೆಯ ಜ್ವಾಲಾಮಾಲಿನಿ ಬಸದಿಯಲ್ಲಿ ಶಾಸ್ತ್ರ ಕೇಳಿದವರಿಗೆ ಕಷಾಯವೆಂದರೆ ಕ್ರೋಧ, ಮಾನ, ಮಾಯೆ, ಲೋಭ. ಇದು ಹೇಗಾಯಿತು ಎಂಬುದನ್ನು ಕರ್ನಾಟಕದವರೇ ಆದ ಪೂಜ್ಯಪಾದರು ತತ್ತ್ವಾರ್ಥಸೂತ್ರದ ತಮ್ಮ ವ್ಯಾಖ್ಯಾನ ಸರ್ವಾರ್ಥಸಿದ್ಧಿಯಲ್ಲಿ ಬಿಡಿಸಿಟ್ಟಿದ್ದಾರೆ: ಆಲದ ಮರದಂಥವುಗಳ ಒಗರು ರಸ ಅಂಟಿಕೊಳ್ಳುವುದಕ್ಕೆ ಹೇಗೆ ಕಾರಣವೋ ಹಾಗೆ ಕ್ರೋಧಾದಿಗಳು ಆತ್ಮಕ್ಕೆ ಕರ್ಮ ಅಂಟಿಕೊಳ್ಳಲು ಕಾರಣ. ಬಣ್ಣಗಾರನ ಬಾನಿಯ ಅನುಭವ ಇಲ್ಲದೆ ಈ ವಿವರಣೆ ಹೊಳೆಯುವಂಥದಲ್ಲ. ಬಟ್ಟೆಗೆ ಮೊದಲು ಒಗರು ಕೊಟ್ಟರೆ ಮಾತ್ರ ಬಣ್ಣ ನಿಲ್ಲುತ್ತದೆ, ಇಲ್ಲದಿದ್ದರೆ ಒಗೆತಕ್ಕೆ ಹೋಗುತ್ತದೆ. ಒಂದೇ ಪದ ಸಂನ್ಯಾಸಿಯ ವಸ್ತ್ರವೂ ಆಗಿ, ಸಂನ್ಯಾಸಿ ಕಳೆದುಕೊಳ್ಳಬೇಕಾದ ಕೊಳೆಯೂ ಆದದ್ದು ಹೀಗೆ.

ಈಗ ಜಗಲಿಯ ಲೋಟಗಳಿಗೆ. ಮಧುಪಾನ ನಮ್ಮ ಪ್ರೌಢಕಾವ್ಯಕ್ಕೆ ಹೊರಗಿನದಲ್ಲ. ಮಹಾಕಾವ್ಯದ ಅಷ್ಟಾದಶವರ್ಣನೆಗಳಲ್ಲಿ ಅದೂ ಒಂದು, ಆಸವ, ಸೀಧು, ಮೈರೇಯಗಳ ಹೆಸರು ಓದುಗರಿಗೆಲ್ಲ ಪರಿಚಿತ. ದ್ರಾಕ್ಷಿಯ ಮದ್ಯಕ್ಕೆ ಮಾತ್ರ ಕನ್ನಡ ಬೈಬಲಿನ ದ್ರಾಕ್ಷಾರಸವೇ ಹೆಚ್ಚು ಬಳಕೆಗೆ ಬಂದ ಶಿಷ್ಟರೂಪ, ನಮ್ಮ ಸರ್ಕಾರದ ಮಂಡಳಿಯ ಹೆಸರಿನಲ್ಲೂ ಅದೇ ಇದೆ. ಮಾತಿನಲ್ಲಿ ಎಲ್ಲರಿಗೂ ವೈನು. ಬೆಂಗಳೂರಿನಿಂದ ಬಂದ ಆ ಮನೆಯ ಸೋದರಳಿಯ ತಂದದ್ದು ಬೋರ್ಡೋದ ಬಲದಂಡೆಯದು, ಸ್ಯಾಂತ್ ಎಮಿಲಿಯೋಂ ಸೀಮೆಯದು. ಮೆರ್ಲೋ ದ್ರಾಕ್ಷಿ ಮುಕ್ಕಾಲುಪಾಲು, ಮದ್ಯಸಾರ ಶೇಕಡ 15 ಎಂದು ಚೀಟಿ ಹೇಳುತ್ತಿತ್ತು. ಬಣ್ಣ ನೋಡಿದರೆ ಬೆಳಕು ಆಚೆ ದಾಟುವುದಿಲ್ಲ, ಅಂಚಿನಲ್ಲಿ ಮಾತ್ರ ನೇರಳೆಹಣ್ಣಿನ ಛಾಯೆ. ಮೂಸಿದರೆ ಬೆಲ್ಲದ ಪಾಕಕ್ಕೆ ಬಿದ್ದ ಹಣ್ಣು, ಹೊಸ ಓಕ್ ಪೀಪಾಯಿಯ ಹೊಗೆ. ಬಾಯಲ್ಲಿ ಮೊದಲು ದುಂಡಗೆ, ತುಂಬಿಕೊಂಡು ಬರುತ್ತದೆ. ಒಗರು ಆಮೇಲೆ, ವಸಡಿನ ಬುಡದಿಂದ.

ಇದು ‘ಹೊಸ ಶೈಲಿ’ ಎಂದ ಸೋದರಳಿಯ, ಮತ್ತು ಚರ್ಚೆ ಅಲ್ಲಿಂದ ಶುರು. ಹಳೆಯ ಬೋರ್ಡೋ ಹನ್ನೆರಡು, ಹನ್ನೆರಡೂವರೆ ಶೇಕಡದ್ದು, ಎಳೆಯದಾಗಿದ್ದಾಗ ಒಗರು ಬಿರುಸು, ನೆಲಮಾಳಿಗೆಯಲ್ಲಿ ಹತ್ತಿಪ್ಪತ್ತು ವರ್ಷ ಕಳೆದ ಮೇಲೆ ಹದಕ್ಕೆ ಬರುವಂಥದು. 1990ರ ದಶಕದ ಹೊತ್ತಿಗೆ ಹಣ್ಣನ್ನು ತಡವಾಗಿ ಕಿತ್ತು, ಬಳ್ಳಿಗೆ ಗೊಂಚಲು ಕಡಿಮೆ ಬಿಟ್ಟು, 225 ಲೀಟರಿನ ಹೊಸ ಪೀಪಾಯಿಗಳಲ್ಲಿ ಇರಿಸಿ, ಹುದುಗುವಾಗಲೂ ಹುದುಗಿದ ಮೇಲೂ ಅಳತೆಯಾಗಿ ಗಾಳಿಯ ಗುಳ್ಳೆ ಬಿಟ್ಟು ಒಗರನ್ನು ಬೇಗ ಮೆತ್ತಗಾಗಿಸುವ ರೀತಿ ಬಂತು. ಗಾಳಿ ಬಿಡುವ ಈ ಉಪಾಯ ಹುಟ್ಟಿದ್ದು ಮಾದಿರಾಂ ಎಂಬಲ್ಲಿ ತಾನಾ ಎಂಬ ದ್ರಾಕ್ಷಿಗಾಗಿ; ಆ ದ್ರಾಕ್ಷಿಯ ಒಗರು ಹೆಸರುವಾಸಿ. ಪೊಮೆರೋಲಿನ ಮಿಶೆಲ್ ರೋಲಾಂ ಈ ಶೈಲಿಯ ದೊಡ್ಡ ಸಲಹೆಗಾರ, ಕನ್ನಡನಾಡಿಗೂ ಬಂದವರು: ನಂದಿಬೆಟ್ಟದ ತಪ್ಪಲಿನ ದೊಡ್ಡಬಳ್ಳಾಪುರದ ಗ್ರೋವರ್ ದ್ರಾಕ್ಷಿತೋಟಕ್ಕೆ 1990ರ ದಶಕದಿಂದ ಸಲಹೆ ಕೊಟ್ಟವರು ಅವರೇ. ಈ ಶೈಲಿಯ ಬಗೆಗಿನ ಜಗಳ ತಾರಕಕ್ಕೇರಿದ್ದು 2004ರಲ್ಲಿ, ಶಾತೋ ಪಾವಿ ಎಂಬ ಬೋರ್ಡೋ ತೋಟದ 2003ರ ಬೆಳೆಯ ವೈನಿನ ಮೇಲೆ. ಅಮೆರಿಕದ ವೈನ್ ವಿಮರ್ಶಕ ರಾಬರ್ಟ್ ಪಾರ್ಕರ್ ಅದನ್ನು ಎತ್ತಿ ಹಿಡಿದರು, ಇಂಗ್ಲೆಂಡಿನ ವಿಮರ್ಶಕಿ ಜ್ಯಾನ್ಸಿಸ್ ರಾಬಿನ್ಸನ್ ಇಪ್ಪತ್ತಕ್ಕೆ ಹನ್ನೆರಡು ಅಂಕ ಕೊಟ್ಟು ಇದು ಬೋರ್ಡೋದ ಸ್ವಭಾವವೇ ಅಲ್ಲ ಎಂಬ ನಿಲುವು ತಾಳಿದರು. ಇಬ್ಬರೂ ಒಂದೇ ವೈನನ್ನು ಕುಡಿದದ್ದು.

ಜಗಲಿಯ ಚರ್ಚೆಯಲ್ಲೂ ಎರಡು ಪಕ್ಷವಾಯಿತು. ಹೊಸ ರೀತಿಯನ್ನು ಮೆಚ್ಚಿದ ಸೋದರಳಿಯ ‘ಒಗರು ಮಾಗಿದೆ ಮಾವ, ಬಾಯಿಗೆ ಎಲ್ಲಿಯೂ ತರಚುವುದಿಲ್ಲ’ ಎಂದ. ಅರ್ಧ ಶತಮಾನ ಹಂಡೆಯ ಮುಂದೆ ಕೂತ ಮನೆಯ ಹಿರಿಯರು ಲೋಟವನ್ನು ಇನ್ನೊಮ್ಮೆ ತುಟಿಗಿಟ್ಟು, ‘ಮಾಗಿದ್ದಲ್ಲ, ಮುರಿದದ್ದು’ ಎಂದರು. ಪಕ್ಕದ ರಬ್ಬರ್ ತೋಟದವರು, ಅಪ್ಪನ ಕಾಲದಲ್ಲೇ ಕೇರಳದಿಂದ ಬಂದು ನೆಲೆಸಿದವರು, ತಮ್ಮ ಭಾಷೆಯಲ್ಲಿ ‘ಚವರ್ಪ್ಪ್ ಬೇಕು, ಇದರಲ್ಲಿ ಸಾಲದು’ ಎಂದು ಹಿರಿಯರ ಕಡೆ ವಾಲಿದರು. ಚೊಗರು, ಚವರ್ಪ್ಪ್ ಎಂಬ ಎರಡು ದಾಯಾದಿ ಪದಗಳು ಒಂದೇ ಲೋಟದ ಮೇಲೆ ಭೇಟಿಯಾದದ್ದನ್ನು ಕಂಡು ನನಗಾದ ಸಂತೋಷ ವೈನಿನದಕ್ಕಿಂತ ಕಡಿಮೆಯದಲ್ಲ. 

ಮಾಗು, ಮುರಿ ಎಂಬ ಆ ಎರಡು ಕ್ರಿಯಾಪದಗಳ ಬಳಿ ಸ್ವಲ್ಪ ಹೊತ್ತು ನಿಲ್ಲಬೇಕು. ಒಗರಿಗೆ ಕನ್ನಡ ಕೊಟ್ಟಿರುವ ಕ್ರಿಯಾಪದಗಳಲ್ಲೇ ಅದರ ಶಾಸ್ತ್ರವೆಲ್ಲ ಅಡಗಿದೆ. ಬಾಯಿಗೆ ಒಗರು ಹಿಡಿಯುತ್ತದೆ. ಹೆಚ್ಚಿದ ಬಾಳೆಕಾಯಿ ನೀರಿಗೆ ಒಗರು ಬಿಡುತ್ತದೆ, ನೀರು ಕಪ್ಪಾಗುತ್ತದೆ. ಬಾಳೆಹೂವನ್ನು ಹೆಚ್ಚಿ ಮಜ್ಜಿಗೆಯಲ್ಲಿ ಹಾಕಿದರೆ ಒಗರು ಮುರಿಯುತ್ತದೆ; ಪೇರಲೆ ಕುಡಿ, ನೇರಳೆ ಕುಡಿ, ದಾಳಿಂಬೆ ಸಿಪ್ಪೆಗಳ ಒಗರನ್ನೆಲ್ಲ ಮಲೆನಾಡಿನ ಅಡುಗೆಮನೆ ಮಜ್ಜಿಗೆಯಿಂದಲೇ ಮುರಿದು ತಂಬುಳಿ ಮಾಡುತ್ತದೆ. ಮಜ್ಜಿಗೆಯ ಪ್ರೋಟೀನು ಒಗರನ್ನು ಹಿಡಿದುಕೊಳ್ಳುವುದರಿಂದ ನಾಲಗೆಗೆ ಅದು ಉಳಿಯುವುದಿಲ್ಲ. ಬೋರ್ಡೋದವರು ಎಳೆಯ ವೈನಿನ ಜೊತೆಗೆ ಗಿಣ್ಣನ್ನೋ ಮಾಂಸವನ್ನೋ ಇಟ್ಟುಕೊಳ್ಳುವುದರ ಗುಟ್ಟೂ ಇದೇ. ಹಣ್ಣಾಗುವಾಗ ಗೇರು, ನೇರಳೆಗಳಲ್ಲಿ ಒಗರು ಇಳಿಯುತ್ತದೆ, ಪೂರ್ತಿ ಹೋಗುವುದಿಲ್ಲ. ‘ಮುರಿ’ ಎಂಬಲ್ಲಿ ಇನ್ನೊಬ್ಬರ ಕೈವಾಡವಿದೆ, ಎದುರಿನ ಶಕ್ತಿಯೊಂದು ಬೇಕು. ‘ಮಾಗು’ ಎಂಬಲ್ಲಿ ಕಾಲ ಸಾಕು. ಇದ್ದದ್ದು ಇದ್ದಂತೆ ಉಳಿದು ಒಳಗಿಂದಲೇ ಬದಲಾಗುವುದು ಮಾಗುವಿಕೆ. ಹಾಗೆ ನೋಡಿದರೆ ಹಿರಿಯರ ಆಕ್ಷೇಪ ರುಚಿಯ ಪ್ರಮಾಣದ್ದಲ್ಲ, ಕರ್ತೃವಿನದು: ಇಲ್ಲಿ ಮೆತ್ತಗಾಗಿಸಿದ್ದು ಯಾರು, ಕಾಲವೋ ಕಾರ್ಖಾನೆಯೋ? ಪಾರ್ಕರ್ ಮತ್ತು ರಾಬಿನ್ಸನ್ ಪುಟಗಟ್ಟಲೆ ಬರೆದ ವ್ಯಾಜ್ಯಕ್ಕೆ ಶೆಟ್ಟಿಕೊಪ್ಪದ ಎರಡು ಕ್ರಿಯಾಪದ ಸಾಕಾದವು ಎಂದು ನಾನು ಹೇಳಿದರೆ ಅದು ಅಭಿಮಾನದ ಮಾತಾದೀತು, ಆದರೂ ಹೇಳುತ್ತೇನೆ.

ಸೋದರಳಿಯನ ವಾದಕ್ಕೂ ಹುರುಳಿಲ್ಲದಿಲ್ಲ. ಹಣ್ಣನ್ನು ಬಳ್ಳಿಯಲ್ಲೇ ಹೆಚ್ಚು ದಿನ ಬಿಟ್ಟಾಗ ಬೀಜ ಕಂದಾಗಿ, ಅದರ ಹಸಿ ಒಗರು ತಾನಾಗಿ ತಗ್ಗುವುದು ಮಾಗುವಿಕೆಯೇ. ತೋಟದಲ್ಲಿ ನಡೆದದ್ದನ್ನು ಮುರಿಯುವಿಕೆ ಎನ್ನುವುದು ನ್ಯಾಯವಲ್ಲ. ಪೀಪಾಯಿಗೆ ಗಾಳಿ ಬಿಟ್ಟದ್ದನ್ನು ಮಾತ್ರ ಹಾಗೆನ್ನಬಹುದು. ಆ ಬಾಟಲಿಯಲ್ಲಿ ಎರಡೂ ಇದ್ದವು. ನನ್ನ ನಾಲಗೆ ಹಿರಿಯರದೇ ಪಕ್ಷ: ಒಗರನ್ನು ಇಷ್ಟು ಬೇಗ ಸಮಾಧಾನಪಡಿಸಿದ ವೈನು ಮೊದಲ ಲೋಟದಲ್ಲಿ ತುಂಬು ಸುಖ ಕೊಡುತ್ತದೆ, ಎರಡನೆಯದರಲ್ಲಿ ಹೇಳಲು ಹೊಸತೇನನ್ನೂ ಉಳಿಸಿಕೊಂಡಿರುವುದಿಲ್ಲ. ಅಡಿಕೆಯ ಒಗರು ಹಾಗಲ್ಲ, ಅಗಿದಷ್ಟೂ ಬೇರೆಯಾಗುತ್ತದೆ.

ಬಾಟಲಿಯಲ್ಲಿ ಕಾಲುಭಾಗ ಉಳಿದಿತ್ತು. ಮರುದಿನ ಸಂಜೆ ಅದನ್ನು ಬಗ್ಗಿಸಿದಾಗ ಹಿರಿಯರು ‘ಇವತ್ತು ಇಳಿದಿದೆ’ ಎಂದರು. ಮುರಿ, ಮಾಗುಗಳ ನಡುವೆ ಹೀಗೆ ಮೂರನೆಯದೊಂದು ಬಂದು ಸೇರಿತು. ಹಂಡೆಯನ್ನು ಒಲೆಯಿಂದ ಇಳಿಸುತ್ತಾರೆ, ಕೊನೆಯನ್ನು ಮರದಿಂದ ಇಳಿಸುತ್ತಾರೆ, ಕಷಾಯವನ್ನು ಕುದಿಸಿ ಇಳಿಸುತ್ತಾರೆ, ಮದ್ಯವನ್ನು ಭಟ್ಟಿ ಇಳಿಸುತ್ತಾರೆ, ಒಗರು ತಾನಾಗಿ ಇಳಿಯುತ್ತದೆ. ಇಷ್ಟೆಲ್ಲ ಕಡೆ ದುಡಿಯುವ ‘ಇಳಿ’ಯ ಜಾಡು ಹಿಡಿಯುವುದು ಇನ್ನೊಂದು ಬರಹದ ಕೆಲಸ. ಹಿರಿಯರು ಸೋದರಳಿಯನಿಗೆ ಮುಂದಿನ ಸಲ ಎಡದಂಡೆಯ ಮೆದೋಕಿನದು, ಕ್ಯಾಬರ್ನೆ ಸೋವಿನ್ಯೋ ಹೆಚ್ಚಿರುವಂಥದು, ಹಳೆಯ ರೀತಿಯಲ್ಲಿ ಮಾಡಿದ್ದೊಂದನ್ನು ತರಲು ಹೇಳಿದ್ದಾರೆ. ತಂದ ಕೂಡಲೇ ಬಿರಡೆ ತೆಗೆಯುವಂತಿಲ್ಲ ಎಂಬ ಕರಾರಿನ ಮೇಲೆ.